ಮಲದಲ್ಲಿ ಸಿ. ಡಿಫಿಸಿಲ್ ಟಾಕ್ಸಿನ್ ಪರೀಕ್ಷೆ: ನಾನು ಮಾಡುವ ಕ್ರಮ

ಆಂಟಿಬಯೋಟಿಕ್ ತೆಗೆದುಕೊಂಡವರಿಗೆ ಭೇದಿ ಶುರುವಾದಾಗ ಮಲದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ (ಸಿ. ಡಿಫಿಸಿಲ್) ಎಂಬ ಬ್ಯಾಕ್ಟೀರಿಯಾ ಸಿಕ್ಕಿತು ಎಂದರೆ ಸಾಲದು. ಟಾಕ್ಸಿನ್ (ವಿಷ) ಉತ್ಪಾದಿಸದ ತಳಿಗಳೂ ಇವೆ. ಉತ್ಪಾದಿಸಬಲ್ಲ ತಳಿಯಿದ್ದೂ ಆರಾಮಾಗಿರುವವರಿದ್ದಾರೆ. ಕರುಳಿನ ಒಳಪದರವನ್ನು ಕೆಡಿಸುವುದು ಟಾಕ್ಸಿನ್ ಎ ಮತ್ತು ಬಿ. ಹಾಗಾಗಿ ನನಗೆ ಬೇಕಾದದ್ದು ಆ ಟಾಕ್ಸಿನ್.

ಅದು ಬಹಳ ಬೇಗ ಕೆಡುತ್ತದೆ. ಕೋಣೆಯ ಉಷ್ಣತೆಯಲ್ಲಿ ಬಿಟ್ಟ ಮಲದಲ್ಲಿ ಎರಡು ಗಂಟೆಯೊಳಗೇ ಪತ್ತೆಗೆ ಸಿಗದಷ್ಟು ಕಡಿಮೆಯಾಗಬಹುದು. ಅದಕ್ಕೇ ಡಬ್ಬಿ ಕೈಗೆ ಬಂದ ಕೂಡಲೇ ಮೊದಲು ಸಂಗ್ರಹಿಸಿದ ಸಮಯ ನೋಡುತ್ತೇನೆ. ಆಗಲೇ ಮಾಡಲಾಗದಿದ್ದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತೇನೆ, ಅದೂ ಗರಿಷ್ಠ 72 ಗಂಟೆ. ಮತ್ತೆ ಮತ್ತೆ ಫ್ರೀಜ್ ಮಾಡಿ ಕರಗಿಸಿದರೂ ಟಾಕ್ಸಿನ್ ಹಾಳಾಗುತ್ತದೆ.

ಡಬ್ಬಿಯ ಆಕಾರ ತಾಳುವಷ್ಟು ಸಡಿಲವಾದ ಮಲ ಮಾತ್ರ ತೆಗೆದುಕೊಳ್ಳುತ್ತೇನೆ. ಗಟ್ಟಿ ಮಲ ಬಂದರೆ ವಾಪಸ್. ಹಿಂದಿನ 48 ಗಂಟೆಯಲ್ಲಿ ಭೇದಿ ಮಾಡಿಸುವ ಮಾತ್ರೆ (ಲ್ಯಾಕ್ಸೆಟಿವ್) ಕೊಟ್ಟಿದ್ದಾರೆಯೇ ಎಂದು ವಾರ್ಡಿಗೆ ಫೋನ್ ಮಾಡಿ ಕೇಳುವುದು ಕಿರಿಕಿರಿ ಎನಿಸಿದರೂ ಬಿಡಬಾರದು. ಒಂದು ವರ್ಷದೊಳಗಿನ ಮಗುವಿನ ಸ್ಯಾಂಪಲ್ ಸಾಮಾನ್ಯವಾಗಿ ಮಾಡುವುದಿಲ್ಲ. ಆ ವಯಸ್ಸಿನಲ್ಲಿ ಕಾಯಿಲೆಯಿಲ್ಲದೆಯೂ ಈ ಬ್ಯಾಕ್ಟೀರಿಯಾ ಕರುಳಿನಲ್ಲಿರುವುದು ಮಾಮೂಲು.

ನಾನು ಬಳಸುವುದು ಜಿಡಿಎಚ್ ಆಂಟಿಜೆನ್ (ಟಾಕ್ಸಿನ್ ಮಾಡಲಿ ಬಿಡಲಿ, ಈ ಬ್ಯಾಕ್ಟೀರಿಯಾದಲ್ಲಿರುವ ಒಂದು ಕಿಣ್ವ) ಮತ್ತು ಟಾಕ್ಸಿನ್ ಎರಡನ್ನೂ ಬೇರೆ ಬೇರೆ ಗೆರೆಯಾಗಿ ಒಟ್ಟಿಗೆ ತೋರಿಸುವ ಕಾರ್ಡ್. ಕಿಟ್ ಮತ್ತು ಸ್ಯಾಂಪಲ್ ಎರಡೂ ಕೋಣೆಯ ಉಷ್ಣತೆಗೆ ಬಂದ ಮೇಲೇ ಆರಂಭ. ಟ್ಯೂಬಿಗೆ 750 ಮೈಕ್ರೋಲೀಟರ್ ಡೈಲ್ಯುಯೆಂಟ್ (ತೆಳುಗೊಳಿಸುವ ದ್ರವ), ಒಂದು ಹನಿ ಕಾಂಜುಗೇಟ್ (ಕಿಣ್ವ ಜೋಡಿಸಿದ ಆಂಟಿಬಾಡಿ), ಆಮೇಲೆ 25 ಮೈಕ್ರೋಲೀಟರ್ ಮಲ. ಮಲವನ್ನು ಮೊದಲೇ ಚೆನ್ನಾಗಿ ಕಲಕಿರಬೇಕು. ಮೇಲಿನ ನೀರನ್ನಷ್ಟೇ ಎಳೆದರೆ ಟಾಕ್ಸಿನ್ ತಪ್ಪಿಹೋಗಬಹುದು. ಟ್ಯೂಬನ್ನು ಬೆರೆಸಿ, 500 ಮೈಕ್ರೋಲೀಟರ್ ಸ್ಯಾಂಪಲ್ ವೆಲ್‌ಗೆ ಹಾಕಿ 15 ನಿಮಿಷ ಬಿಡುತ್ತೇನೆ. ನಂತರ ರಿಯಾಕ್ಷನ್ ಕಿಟಕಿಗೆ 300 ಮೈಕ್ರೋಲೀಟರ್ ವಾಶ್ ಬಫರ್. ಅದು ಪೂರ್ತಿ ಇಂಗಿದ ಮೇಲೆ ಎರಡು ಹನಿ ಸಬ್‌ಸ್ಟ್ರೇಟ್ (ಬಣ್ಣ ಬರಿಸುವ ದ್ರವ), 10 ನಿಮಿಷಕ್ಕೆ ಓದುವುದು. ಬೇರೆ ಕಿಟ್ ಆದರೆ ಅಳತೆಯೂ ಬೇರೆ, ಅದರ ಜೊತೆ ಬಂದ ಹಾಳೆಯೇ ಪ್ರಮಾಣ.

ಎಡವಟ್ಟಾಗುವುದು ಹೆಚ್ಚಾಗಿ ಎರಡು ಕಡೆ. ಮಲ ಹೆಚ್ಚಾದರೆ ಅಥವಾ ಲೋಳೆಯ ಗಂಟು ಸೇರಿದರೆ ದ್ರವ ಮುಂದೆ ಹರಿಯುವುದೇ ಇಲ್ಲ. ವಾಶ್ ಇಂಗುವ ಮೊದಲೇ ಸಬ್‌ಸ್ಟ್ರೇಟ್ ಹಾಕಿದರೆ ಹಿನ್ನೆಲೆಯೇ ನೀಲಿಯಾಗಿ ಗೆರೆ ಓದಲಾಗುವುದಿಲ್ಲ. ನಡುವಿನ ಕಂಟ್ರೋಲ್ ಚುಕ್ಕೆಗಳು ಮೂಡದಿದ್ದರೆ ಉಳಿದ ಗೆರೆಗೆ ಅರ್ಥವಿಲ್ಲ, ಪರೀಕ್ಷೆ ರದ್ದು. ಗೆರೆ ಮಸುಕಾಗಿದ್ದರೂ, ಅರ್ಧವೇ ಮೂಡಿದ್ದರೂ ಅದು ಪಾಸಿಟಿವ್. ಬೆಳಕಿನಡಿ ಹಿಡಿದು ನೋಡಬೇಕು, ಸಂಶಯವಿದ್ದರೆ ಇನ್ನೊಬ್ಬರಿಗೂ ತೋರಿಸಬೇಕು.

ಎರಡೂ ಗೆರೆ ಇಲ್ಲದಿದ್ದರೆ ನೆಗೆಟಿವ್, ಎರಡೂ ಇದ್ದರೆ ಪಾಸಿಟಿವ್. ಜಿಡಿಎಚ್ ಇಲ್ಲದೆ ಟಾಕ್ಸಿನ್ ಗೆರೆ ಮಾತ್ರ ಬರುವುದು ಅಪರೂಪ. ಬಂದರೆ ಹೊಸ ಸ್ಯಾಂಪಲ್ ಕೇಳುತ್ತೇನೆ. ತಲೆ ಕೆಡಿಸುವುದು ಜಿಡಿಎಚ್ ಇದ್ದು ಟಾಕ್ಸಿನ್ ಕಾಣದಿರುವುದು. ತಳಿಯೇ ನಿರುಪದ್ರವಿಯಾಗಿರಬಹುದು, ಇಲ್ಲವೇ ಟಾಕ್ಸಿನ್ ಕಾರ್ಡಿಗೆ ಎಟುಕದಷ್ಟು ಕಡಿಮೆಯಿರಬಹುದು. ಆಗ ಟಿಸಿಡಿಬಿ ಜೀನ್‌ಗೆ (ಟಾಕ್ಸಿನ್ ಬಿ ತಯಾರಿಸುವ ಜೀನ್) ಪಿಸಿಆರ್, ಅಂದರೆ ಆ ಜೀನಿನ ತುಣುಕನ್ನು ಹಲವು ಪಟ್ಟು ಮಾಡಿ ಪತ್ತೆಹಚ್ಚುವ ಪರೀಕ್ಷೆ. ಇಲ್ಲಿ ಮಲ ಜಾಸ್ತಿ ಹಾಕಿದರೆ ಅದರಲ್ಲಿರುವ ಅಂಶಗಳೇ ಪ್ರತಿಕ್ರಿಯೆಯನ್ನು ತಡೆಯುತ್ತವೆ. ಇಂಟರ್ನಲ್ ಕಂಟ್ರೋಲ್ (ಪ್ರತಿಕ್ರಿಯೆ ಸರಿಯಾಗಿ ನಡೆದಿದೆ ಎಂದು ತೋರಿಸುವ ಗುರುತು) ಬರದ ಫಲಿತಾಂಶವನ್ನು ನೆಗೆಟಿವ್ ಎಂದು ಎಂದಿಗೂ ಕೊಡಬಾರದು.

ಪಿಸಿಆರ್ ಹೇಳುವುದು ಜೀನ್ ಇದೆ ಎಂದಷ್ಟೇ. ಬರೇ 'ಪಾಸಿಟಿವ್' ಎಂದು ಬರೆದರೆ ಬೇಡದ ಔಷಧಿ ಶುರುವಾಗಿಬಿಡುತ್ತದೆ. ರಿಪೋರ್ಟಿನಲ್ಲಿ ನಾನು 'ಟಾಕ್ಸಿನ್ ಜೀನ್ ಇದೆ, ಟಾಕ್ಸಿನ್ ಪತ್ತೆಯಾಗಿಲ್ಲ. ರೋಗಲಕ್ಷಣ ನೋಡಿ ನಿರ್ಧರಿಸಿ' ಎಂದು ಬಿಡಿಸಿ ಬರೆಯುತ್ತೇನೆ.

ಅದೇ ಭೇದಿಗೆ ಏಳು ದಿನದೊಳಗೆ ಮತ್ತೆ ಬಂದ ಸ್ಯಾಂಪಲ್ ಮಾಡುವುದಿಲ್ಲ. ಗುಣವಾಯಿತೇ ಎಂದು ನೋಡಲು ಕಳಿಸಿದ್ದನ್ನೂ ಮಾಡುವುದಿಲ್ಲ, ಏಕೆಂದರೆ ಭೇದಿ ನಿಂತ ಮೇಲೂ ವಾರಗಟ್ಟಲೆ ಪಾಸಿಟಿವ್ ಬರುತ್ತಲೇ ಇರಬಹುದು.