ಹೊಸ ಸ್ಲಾಲಂ ಸ್ಕೀ ತಿರುಗುತ್ತಿಲ್ಲವೇ? ಮೊದಲು ಬೂಟು, ಆಮೇಲೆ ಫಿನ್

ದುಡ್ಡು ಸುರಿದು ಹೊಸ ಸ್ಲಾಲಂ ಸ್ಕೀ, ಅಂದರೆ ಎರಡೂ ಪಾದ ಒಂದರ ಹಿಂದೊಂದು ಬೂಟಿನಲ್ಲಿಟ್ಟು ಬೋಟಿನ ಹಗ್ಗ ಹಿಡಿದು ನೀರ ಮೇಲೆ ಜಾರುವ ಒಂಟಿ ಹಲಗೆ, ತರಿಸಿರುತ್ತೀರಿ. ಗೋವಾದ ಹೊಳೆಗೆ ಇಳಿಸಿದರೆ ಅದು ಮಾತೇ ಕೇಳುವುದಿಲ್ಲ. ತಿರುವಿನಲ್ಲಿ ಎಷ್ಟು ವಾಲಿದರೂ ನೇರ ಓಡುತ್ತಲೇ ಇರುತ್ತದೆ. ಹಗ್ಗ ಸಡಿಲವಾಗುತ್ತದೆ, ಮರುಕ್ಷಣ ಬೋಟು ಜಗ್ಗಿದಾಗ ಭುಜ ಕಿತ್ತು ಬಂದ ಹಾಗಾಗುತ್ತದೆ. ಇಂಥ ಹೊತ್ತಲ್ಲಿ ತುಂಬ ಜನ ನೇರವಾಗಿ ಸ್ಕೀ ಬಾಲದ ಅಡಿಯಲ್ಲಿರುವ ಅಲಗಿನಂಥ ಫಿನ್‌ಗೆ ಕೈ ಹಾಕುತ್ತಾರೆ. ನನ್ನ ಪ್ರಕಾರ ಅದು ಕೊನೆಯ ಕೆಲಸ.

ಅಳತೆ ಬರೆದಿಟ್ಟುಕೊಳ್ಳಿ

ಸ್ಕೀ ನೀರಿಗಿಳಿಯುವ ಮೊದಲೇ ಕ್ಯಾಲಿಪರ್ (ಸೂಕ್ಷ್ಮ ಅಳತೆಯ ಸಾಧನ) ಹಿಡಿದು ಕೂರಿ. ಫಿನ್‌ನ ಉದ್ದ, ಆಳ, ಸ್ಕೀ ಬಾಲದಿಂದ ಅದು ಎಷ್ಟು ದೂರ ಇದೆ, ಈ ಮೂರು ಬೇಕು. ಸುಮಾರಾಗಿ ಉದ್ದ 6.9 ಇಂಚು, ಆಳ 2.5 ಇಂಚು, ಬಾಲದಿಂದ ದೂರ 0.75 ಇಂಚು ಆಸುಪಾಸು ಇರುತ್ತದೆ. ನಿಮ್ಮ ಸ್ಕೀಗೆ ತಯಾರಕರು ಕೊಟ್ಟ ಅಂಕಿಯೇ ಆಧಾರ. ಮುಂದಿನ ಬೂಟಿನ ಹಿಮ್ಮಡಿಯಿಂದ ಬಾಲದ ತುದಿಗೆ ಎಷ್ಟು ಅನ್ನುವುದನ್ನೂ ಬರೆಯಿರಿ. ಒಂದೇ ಕ್ಯಾಲಿಪರ್ ಬಳಸಿ. ಗೆಳೆಯನದ್ದು ತಂದರೆ ಅಂಕಿ ಬೇರೆ ಬರುತ್ತದೆ, ಸುಮ್ನೆ ತಲೆಬಿಸಿ.

ನೀರು ನೋಡಿ ಇಳಿಯಿರಿ

ಗೋವಾದಲ್ಲಿ ಇದನ್ನು ಮರೆಯುವಂತಿಲ್ಲ. ಮಾಂಡೋವಿ, ಚಾಪೋರಾ ಎರಡರಲ್ಲೂ ಸಮುದ್ರದ ಉಬ್ಬರ ಇಳಿತ ಒಳಕ್ಕೆ ಬರುತ್ತದೆ. ಬೋಟಿನ ಜಿಪಿಎಸ್ ತೋರಿಸುವುದು ನೆಲದ ಲೆಕ್ಕದ ವೇಗ, ಸ್ಕೀಗೆ ಸಿಗುವುದು ನೀರಿನ ಲೆಕ್ಕದ ವೇಗ. ಹರಿವು ಗಂಟೆಗೆ 2 ಕಿ.ಮೀ. ಇದ್ದರೆ, ಅದರ ಎದುರು 49ರಲ್ಲಿ ಹೋದವರಿಗೆ 51 ಸಿಗುತ್ತದೆ, ಜೊತೆಗೆ ಹೋದವರಿಗೆ 47. ಒಂದು ದಿಕ್ಕಿನಲ್ಲಿ ಚುರುಕಾಗಿ ತಿರುಗಿದ ಸ್ಕೀ ವಾಪಸ್ ಬರುವಾಗ ಮಂಕಾದರೆ ದೋಷ ಸ್ಕೀಯದ್ದಲ್ಲ. ಹಾಗಾಗಿ ಉಬ್ಬರ ಇಳಿತ ಬದಲಾಗುವ ಹೊತ್ತಿಗೆ, ಗಾಳಿ ಏಳುವ ಮೊದಲು, ಬೆಳಿಗ್ಗೆಯೇ ಪರೀಕ್ಷೆ ಮಾಡಿ. ಬಾರ್ಜು, ಫೆರ್ರಿ ಅಲೆ ಬಡಿಯುವ ಜಾಗ ಬೇಡ. ಬೋಟು ಓಡಿಸುವ ಅಣ್ಣ ಕಾರವಾರದ ಕಡೆಯವರಾದರೆ ಸುಲಭ. ‘ಇನ್ನೊಂದ್ ಸಲ ಅದೇ ವೇಗದಲ್ಲಿ ಹೋಗೋಣಣ್ಣ’ ಅಂದರೆ ಸಾಕು.

ಹಗ್ಗ ಪೂರ್ತಿ 18.25 ಮೀಟರ್ ಇರಲಿ. ವೇಗ ನಿಮ್ಮ ರೂಢಿಗಿಂತ ಒಂದು ಮೆಟ್ಟಿಲು, ಅಂದರೆ 3 ಕಿ.ಮೀ. ಕಡಿಮೆ ಸಾಕು. ಸುತ್ತಿ ಬರಲು ನೀರಲ್ಲಿ ಕಟ್ಟುವ ತೇಲುಚೆಂಡಿನ ಗೊಡವೆ ಸದ್ಯಕ್ಕೆ ಬೇಡ, ಖಾಲಿ ನೀರಲ್ಲಿ ತಿರುಗಿ. ಲೈಫ್ ಜಾಕೆಟ್ ಹಾಕಿ, ನಿಮ್ಮನ್ನೇ ನೋಡುತ್ತಿರಲು ಬೋಟಿನಲ್ಲಿ ಒಬ್ಬರು ಇರಲಿ. ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ತೆಗೆಯಲಿ.

ನೀರು ಎಲ್ಲಿಂದ ಚಿಮ್ಮುತ್ತಿದೆ?

ವಿಡಿಯೊ ನಿಧಾನಕ್ಕೆ ಓಡಿಸಿ ತಿರುವಿನಲ್ಲಿ ನಿಲ್ಲಿಸಿ. ಮುಂದಿನ ಬೂಟಿಗಿಂತ ಮುಂದೆ ನೀರು ಸೀಳುತ್ತಿದ್ದರೆ ಸ್ಕೀ ಮೂತಿ ನೀರು ಹಿಡಿದಿದೆ. ಬೂಟಿನ ಹಿಂದಿನಿಂದ ಚಿಮ್ಮುತ್ತಿದ್ದರೆ ಮೂತಿ ಮೇಲಿದೆ, ನೀವು ಬಾಲದ ಮೇಲೆ ಕೂತಿದ್ದೀರಿ. ತಿರುಗದಿರಲು ಕಾರಣ ಬಹುತೇಕ ಇದೇ. ಹೊಸ ಸ್ಕೀ ಅಂತ ಭಯದಲ್ಲಿ ಹಿಂದಕ್ಕೆ ವಾಲುವುದು ಎಲ್ಲರೂ ಮಾಡುವಂಥದ್ದೇ ಅಲ್ವಾ. ಮೊಣಕಾಲು, ಪಾದದ ಕೀಲು ಬಗ್ಗಿಸಿ, ಮುಂದಿನ ಕಾಲಿನ ಮೇಲೆ ಭಾರ ಹಾಕಿ, ಹ್ಯಾಂಡಲನ್ನು ಬೋಟಿನ ಕಡೆಗೆ ನಿಧಾನವಾಗಿ ಚಾಚಿ. ಸ್ಕೀ ಅರ್ಧ ಸುತ್ತು ಬಂದ ಮೇಲೆ ಹ್ಯಾಂಡಲನ್ನು ಸೊಂಟಕ್ಕೆ ತನ್ನಿ. ಇಷ್ಟಕ್ಕೇ ಸರಿಹೋದರೆ ಸ್ಕ್ರೂ ಮುಟ್ಟಬೇಡಿ.

ನಿಲುವು ಸರಿಯಿದ್ದೂ ಮೂತಿ ಇಳಿಯದಿದ್ದರೆ ಮುಂದಿನ ಮತ್ತು ಹಿಂದಿನ ಬೂಟನ್ನು ಒಂದೊಂದು ತೂತು, ಅಂದರೆ ಸುಮಾರು ಕಾಲು ಇಂಚು ಮುಂದೆ ಸರಿಸಿ. ನಾಲ್ಕಾರು ಸಲ ಓಡಿಸಿ ನೋಡಿ. ಬದಲಾವಣೆ ಒಂದು ಸಲಕ್ಕೆ ಒಂದೇ.

ಈಗ ಫಿನ್

ಇನ್ನೂ ಸ್ವಲ್ಪ ಬೇಕಾದರೆ ಫಿನ್ ಮುಂದೆ ತಳ್ಳಿ. ಮುಂದಾದಷ್ಟೂ ಬೇಗ ತಿರುಗುತ್ತದೆ, ಹಿಂದಾದಷ್ಟೂ ಸ್ಥಿರ. ಒಂದು ಸಲಕ್ಕೆ 0.010 ಇಂಚು, ಅಂದರೆ ಕಾಲು ಮಿಲಿಮೀಟರ್. ವಿಸಿಟಿಂಗ್ ಕಾರ್ಡಿನ ದಪ್ಪದ ಲೆಕ್ಕ. ಇಷ್ಟರಿಂದ ಏನಾದೀತು ಅನ್ನಬೇಡಿ, ಕಾಲಿಗೆ ಗೊತ್ತಾಗುತ್ತದೆ. ಸ್ಕ್ರೂ ಬಿಗಿ ಮಾಡುವಾಗ ಫಿನ್ ಜರುಗಬಹುದು, ಆದ್ದರಿಂದ ಬಿಗಿ ಮಾಡಿದ ಮೇಲೆ ಮೂರೂ ಅಳತೆ ಮತ್ತೆ ನೋಡಿ.

ಅತಿಯಾದರೆ ಸ್ಕೀಯೇ ಹೇಳುತ್ತದೆ. ಮೂತಿ ಕಚ್ಚಿ ನಿಮ್ಮನ್ನು ಮುಂದಕ್ಕೆ ಎಸೆಯುವಂತಾದರೆ ಬೂಟು ಅಥವಾ ಫಿನ್ ಹಿಂದಕ್ಕೆ ತನ್ನಿ. ಬಾಲ ಜಾರಿ ಹೊರಗೆ ಹೋಗುತ್ತಿದ್ದರೆ ಫಿನ್ ಸ್ವಲ್ಪ ಆಳಕ್ಕೆ ಇಳಿಸಿ. ಫಿನ್‌ಗೆ ಅಡ್ಡವಾಗಿರುವ ಪುಟ್ಟ ರೆಕ್ಕೆಯ ಕೋನ ಜಾಸ್ತಿ ಮಾಡಿದರೆ ತಿರುವಿನ ಮುಂಚೆ ವೇಗ ಇಳಿಯುತ್ತದೆ, ಆದರೆ ಅದನ್ನು ಉಳಿದದ್ದೆಲ್ಲ ಕುದುರಿದ ಮೇಲೆ ಮುಟ್ಟಿ.

ಹೊಳೆಯಿಂದ ಬಂದ ಕೂಡಲೇ ಸಿಹಿನೀರಲ್ಲಿ ಸ್ಕೀ ತೊಳೆಯಿರಿ, ಸ್ಕ್ರೂಗಳನ್ನು ಒರೆಸಿ. ಉಪ್ಪು ಕೂತು ತುಕ್ಕು ಹಿಡಿದ ಸ್ಕ್ರೂ ಅಲೆನ್ ಕೀಗೆ ಬಗ್ಗುವುದಿಲ್ಲ. ಅಲ್ಲಿಗೆ ಆ ದಿನದ ಅಳತೆ ಹೊಂದಿಸುವ ಕೆಲಸ ಮುಗಿದಂತೆಯೇ.