ಕರಡು ಎಲ್ಲರ ಕಂಪ್ಯೂಟರಿನಲ್ಲೂ ಒಂದೇ ಥರ ತೆರೆಯಬೇಕು: ಸ್ಟ್ಯಾಂಡರ್ಡ್ ಬರೆಯುವವರು ಫೈಲ್ ಸಿದ್ಧ ಮಾಡುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಒಂದು ತಾಂತ್ರಿಕ ಸಮಿತಿಗೆ ಕರಡು ಕಳಿಸಿದ್ದೆ. ಅದರ ಟೇಬಲಿನಲ್ಲಿ ಕಾಯುವ ಅವಧಿ 50 ಮೈಕ್ರೊಸೆಕೆಂಡ್ ಎಂದಿತ್ತು. ಸಮಿತಿಯ ಇನ್ನೊಬ್ಬರು ತಮ್ಮ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿದರೆ 50 ಮಿಲಿಸೆಕೆಂಡ್! ಸಾವಿರ ಪಟ್ಟು ಜಾಸ್ತಿ. ಮಧ್ಯದಲ್ಲಿ ಯಾರೂ ಅದನ್ನು ತಿದ್ದಿರಲಿಲ್ಲ. ಮೈಕ್ರೊ ಚಿಹ್ನೆಯನ್ನು ನಾನು ಸಿಂಬಲ್ ಫಾಂಟಿನಲ್ಲಿ ಹಾಕಿದ್ದೆ. ಆ ಫಾಂಟಿನಲ್ಲಿ ಇಂಗ್ಲಿಷಿನ 'ಎಂ' ಒತ್ತಿದರೆ ಗ್ರೀಕಿನ 'ಮ್ಯೂ' ಕಾಣಿಸುತ್ತದೆ. ಅಲ್ಲಿ ಫಾಂಟ್ ಕಳಚಿಕೊಂಡಿತು, ಒಳಗಿದ್ದ 'ಎಂ' ಹೊರಗೆ ಬಂತು.

ಕನ್ನಡದವರಿಗೆ ಇದು ಗೊತ್ತಿರುವ ಕಥೆಯೇ, ಅಲ್ವಾ? ನುಡಿ, ಬರಹದ ಕಾಲದ ಹಳೆ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳು, ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ. ಕಾಗುಣಿತ ಇದ್ದದ್ದು ಫಾಂಟಿನಲ್ಲಿ ಮಾತ್ರ, ಫೈಲಿನಲ್ಲಿ ಅಲ್ಲ.

ಒಬ್ಬರ ಸಾಧನ ಇನ್ನೊಬ್ಬರ ಸಾಧನದ ಜೊತೆ ಕೆಲಸ ಮಾಡಲಿ ಎಂದೇ ಸ್ಟ್ಯಾಂಡರ್ಡ್ ಬರೆಯುವುದು. ಅದನ್ನು ಓದಲು ಒಂದೇ ಕಂಪನಿಯ ಸಾಫ್ಟ್‌ವೇರ್ ಕೊಳ್ಳಬೇಕು ಎಂದರೆ ಸಣ್ಣ ಕಂಪನಿಯವರು, ವಿದ್ಯಾರ್ಥಿಗಳು ಬಾಗಿಲಲ್ಲೇ ನಿಂತುಬಿಡುತ್ತಾರೆ. ಮುಕ್ತ ಫಾರ್ಮ್ಯಾಟ್ ಎಂದರೆ ಇಷ್ಟೆ: ಫೈಲಿನ ಒಳರಚನೆ ಹೇಗಿದೆ ಎಂಬ ವಿವರ ಎಲ್ಲರಿಗೂ ಸಿಗಬೇಕು, ಅದನ್ನು ನೋಡಿ ಯಾರು ಬೇಕಾದರೂ ಸಾಫ್ಟ್‌ವೇರ್ ಬರೆಯುವಂತಿರಬೇಕು.

ಮೊದಲು ಸಮಿತಿಯ ಪದ್ಧತಿ ತಿಳಿದುಕೊಳ್ಳಿ

ಎಲ್ಲ ಕಡೆ ಒಂದೇ ನಿಯಮ ಇಲ್ಲ. ಮೊಬೈಲ್ ಜಾಲದ ಸ್ಟ್ಯಾಂಡರ್ಡ್ ರೂಪಿಸುವ 3ಜಿಪಿಪಿಯಲ್ಲಿ ವರ್ಷಗಳಿಂದ ವರ್ಡ್ ಫೈಲಿನಲ್ಲೇ ಕೆಲಸ ನಡೆದುಬಂದಿದೆ. ಇಂಟರ್ನೆಟ್ ಸ್ಟ್ಯಾಂಡರ್ಡ್ ರೂಪಿಸುವ ಐಇಟಿಎಫ್ ದಾರಿಯೇ ಬೇರೆ. ಅಲ್ಲಿ ಸಿದ್ಧವಾಗುವ ದಾಖಲೆಗಳು ಆರ್‌ಎಫ್‌ಸಿ ಎಂಬ ಹೆಸರಿನಲ್ಲಿ ಪ್ರಕಟವಾಗುತ್ತವೆ. ಮೊದಲ ಆರ್‌ಎಫ್‌ಸಿಯನ್ನು ಸ್ಟೀವ್ ಕ್ರಾಕರ್ ಬರೆದದ್ದು 1969ರ ಏಪ್ರಿಲ್ 7ರಂದು. ಆಗ ಅದು ಕಾಗದದ ಮೇಲಿತ್ತು. ಮುಂದೆ ಸ್ವಯಂಸೇವಕರು ಕೂತು ಟೈಪ್ ಮಾಡಿ ಸಾದಾ ಪಠ್ಯವಾಗಿ ಉಳಿಸಿದರು. ಇವತ್ತು ನಿಮ್ಮ ಫೋನಿನಲ್ಲೂ ಅದು ತೆರೆಯುತ್ತದೆ. ಬಹಳ ವರ್ಷ ಆರ್‌ಎಫ್‌ಸಿಯ ಒಂದು ಸಾಲಿಗೆ 72 ಅಕ್ಷರ, ಒಂದು ಪುಟಕ್ಕೆ 58 ಸಾಲು ಎಂಬ ಮಿತಿ ಇತ್ತು. ನೋಡಲು ಸಪ್ಪೆ, ನಿಜ. ಆದರೆ ಕೆಡಲು ಅದರಲ್ಲಿ ಏನೂ ಇಲ್ಲ. 2019ರಿಂದ ಎಕ್ಸ್‌ಎಂಎಲ್ (ಶೀರ್ಷಿಕೆ, ಪ್ಯಾರಾ ಎಂದು ಪಠ್ಯದ ಪ್ರತಿ ಭಾಗಕ್ಕೂ ಗುರುತು ಹಾಕುವ ಬಗೆ) ಫೈಲೇ ಮೂಲ, ಪಠ್ಯ, ಎಚ್‌ಟಿಎಂಎಲ್, ಪಿಡಿಎಫ್ ಮೂರೂ ಅದರಿಂದಲೇ ಹುಟ್ಟುತ್ತವೆ.

ಎಕ್ಸ್‌ಎಂಎಲ್ ಕೈಯಲ್ಲಿ ಬರೆಯಲು ಬೇಸರವಾದರೆ ಮಾರ್ಕ್‌ಡೌನ್‌ನಲ್ಲಿ, ಅಂದರೆ ಸಾದಾ ಪಠ್ಯದಲ್ಲೇ ಸರಳ ಗುರುತು ಹಾಕುವ ಶೈಲಿಯಲ್ಲಿ, ಬರೆಯಿರಿ. ಕ್ರಾಮ್‌ಡೌನ್-ಆರ್‌ಎಫ್‌ಸಿ ಎಂಬ ಸಾಧನ ಅದನ್ನು ಎಕ್ಸ್‌ಎಂಎಲ್ ಮಾಡಿಕೊಡುತ್ತದೆ.

ಫೈಲಿನ ಒಳಗೆ ಇಣುಕಿ ನೋಡಿ

ಆಫೀಸ್ ಸಾಫ್ಟ್‌ವೇರಿನಲ್ಲೇ ಬರೆಯಬೇಕಾದರೆ ಉಚಿತವಾಗಿ ಸಿಗುವ ಲಿಬ್ರೆಆಫೀಸಿನ ಒಡಿಟಿ ಫಾರ್ಮ್ಯಾಟ್ ಒಳ್ಳೆಯದು. ಸುಮ್ನೆ ನನ್ನ ಮಾತು ನಂಬಬೇಡಿ. ಒಂದು ಒಡಿಟಿ ಫೈಲಿನ ಪ್ರತಿ ತೆಗೆದು, ಹೆಸರಿನ ಕೊನೆಯಲ್ಲಿರುವ ಒಡಿಟಿಯನ್ನು ಜಿಪ್ ಎಂದು ಬದಲಿಸಿ, ಬಿಚ್ಚಿ. ಒಳಗೆ ಕಂಟೆಂಟ್ ಎಂಬ ಎಕ್ಸ್‌ಎಂಎಲ್ ಫೈಲ್ ಇರುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ನೀವು ಬರೆದ ವಾಕ್ಯ ಕಣ್ಣಿಗೇ ಕಾಣುತ್ತದೆ. ವರ್ಡಿನ ಹಳೆಯ ಡಾಕ್ ಫೈಲನ್ನು ಹೀಗೆ ಬಿಚ್ಚಲು ಆಗುವುದಿಲ್ಲ. ಅದರ ರಚನೆಯ ವಿವರವನ್ನು ಮೈಕ್ರೊಸಾಫ್ಟ್ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದ್ದೇ 2008ರಲ್ಲಿ.

ವರ್ಡಿನ ಈಗಿನ ಡಾಕ್‌ಎಕ್ಸ್ ಕೂಡ ಜಿಪ್ಪೇ, ಅದನ್ನೂ ಬಿಚ್ಚಬಹುದು. ಆದರೆ ಅದು ಸ್ಟ್ಯಾಂಡರ್ಡ್ ಆದಾಗ ನಡೆದ ಜಗಳ ನೆನಪಿಡಬೇಕು. ಒಡಿಟಿ ಸೇರಿರುವ ಒಡಿಎಫ್ ಕುಟುಂಬ 2006ರಲ್ಲೇ ಐಎಸ್‌ಒ (ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಸಂಸ್ಥೆ) ಸ್ಟ್ಯಾಂಡರ್ಡ್ ಆಗಿತ್ತು. ಆಮೇಲೆ ಬಂದ ಒಒಎಕ್ಸ್‌ಎಂಎಲ್, ಅಂದರೆ ಡಾಕ್‌ಎಕ್ಸ್ ಸೇರಿರುವ ಮೈಕ್ರೊಸಾಫ್ಟ್ ಫಾರ್ಮ್ಯಾಟಿನ, ವಿವರಣೆ 6,000 ಪುಟ ದಾಟಿತ್ತು. ಅದರಲ್ಲಿ 'ವರ್ಡ್ 95 ಮಾಡಿದ ಹಾಗೆ ಅಕ್ಷರಗಳ ನಡುವೆ ಜಾಗ ಬಿಡು' ಎಂಬ ಅರ್ಥದ ಒಂದು ಆಯ್ಕೆ ಇತ್ತು. ವರ್ಡ್ 95 ಹೇಗೆ ಬಿಡುತ್ತಿತ್ತು? ಅದನ್ನು ಬರೆದಿರಲಿಲ್ಲ. ಬೇರೆ ಕಂಪನಿಯವರು ಇದನ್ನು ಹೇಗೆ ಮಾಡುವುದು, ಹೇಳಿ! 2007ರ ಐಎಸ್‌ಒ ಮತದಾನದಲ್ಲಿ ಭಾರತ ಬೇಡ ಎಂದಿತು, 2008ರಲ್ಲೂ ನಿಲುವು ಬದಲಿಸಲಿಲ್ಲ. ಕೊನೆಗೆ ಇಂಥ ಆಯ್ಕೆಗಳಿಗೆ ವಿವರಣೆ ಸೇರಿಸಿ ಅದೇ ವರ್ಷ ಸ್ಟ್ಯಾಂಡರ್ಡ್ ಆಯಿತು. ಪ್ರಶ್ನೆ ಕೇಳಿದ್ದರಿಂದ ಆ ದಾಖಲೆ ಸುಧಾರಿಸಿತು ಎಂದೇ ನನ್ನ ಅಭಿಪ್ರಾಯ.

ಅಕ್ಷರಗಳೆಲ್ಲ ಯೂನಿಕೋಡ್ ಇರಲಿ

ಮುಕ್ತ ಫಾರ್ಮ್ಯಾಟಿನಲ್ಲಿ ಉಳಿಸಿದ ತಕ್ಷಣ ಕೆಲಸ ಮುಗಿಯುವುದಿಲ್ಲ. ಒಡಿಟಿಯೊಳಗೆ ಹಳೆ ನುಡಿ ಫಾಂಟಿನ ಪಠ್ಯ ತುಂಬಿದರೆ ಡಬ್ಬಿ ಮುಕ್ತ, ಒಳಗಿನದು ಬೀಗ ಹಾಕಿದ್ದೇ. ಮ್ಯೂ, ಓಮ್, ಡಿಗ್ರಿ ಚಿಹ್ನೆಗಳನ್ನು ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಖ್ಯೆ ಕೊಡುವ ಪದ್ಧತಿ) ಅಕ್ಷರಗಳಾಗಿಯೇ ಹಾಕಿ, ಫೈಲನ್ನು ಯುಟಿಎಫ್-8ರಲ್ಲಿ, ಅಂದರೆ ಆ ಸಂಖ್ಯೆಗಳನ್ನು ಫೈಲಿನಲ್ಲಿ ಬರೆಯುವ ರೂಢಿಯ ವಿಧಾನದಲ್ಲಿ, ಉಳಿಸಿ. ಪರೀಕ್ಷೆ ಸುಲಭ. ಇಡೀ ಟೇಬಲನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಅಲ್ಲಿ ಬದಲಾಗಿ ಕಾಣುವ ಚಿಹ್ನೆ ಬೇರೆಯವರ ಕಂಪ್ಯೂಟರಿನಲ್ಲೂ ಕೈಕೊಡಬಹುದು. ನಾನಂತೂ ಈಗ ಮುಖ್ಯವಾದ ಅಳತೆಗಳ ಪಕ್ಕದಲ್ಲಿ ಮೈಕ್ರೊಸೆಕೆಂಡ್ ಎಂದು ಅಕ್ಷರದಲ್ಲೂ ಬರೆದುಬಿಡುತ್ತೇನೆ.

ಅಂದಹಾಗೆ, ಆರ್‌ಎಫ್‌ಸಿಯಲ್ಲಿ ಲೇಖಕರ ಹೆಸರನ್ನು ಕನ್ನಡ ಲಿಪಿಯಲ್ಲೂ ಹಾಕಬಹುದು, ಜೊತೆಗೆ ಇಂಗ್ಲಿಷ್ ಅಕ್ಷರದಲ್ಲಿ ಇದ್ದರೆ ಸಾಕು.

ತಿದ್ದಿದ್ದು ಎದ್ದು ಕಾಣಬೇಕು

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಆರ್‌ಎಫ್‌ಸಿಗಳಲ್ಲಿ ದೊಡ್ಡ ಅಕ್ಷರದ 'ಮಸ್ಟ್' ಎಂದರೆ ಮಾಡಲೇಬೇಕು. 'ಶುಡ್' ಎಂದರೆ ಮಾಡಬೇಕು, ಆದರೆ ಗಟ್ಟಿ ಕಾರಣ ಇದ್ದರೆ ಬಿಡಬಹುದು. ಈ ಅರ್ಥಗಳನ್ನು ನಿಗದಿ ಮಾಡಿದ್ದು 1997ರ ಆರ್‌ಎಫ್‌ಸಿ 2119. ಯಾರಾದರೂ ಒಂದು ಶುಡ್ ತೆಗೆದು ಮಸ್ಟ್ ಹಾಕಿದರೆ, ಅದನ್ನು ಪಾಲಿಸುವ ಸಾಧನ ತಯಾರಿಸುವವರೆಲ್ಲರ ಮೇಲೆ ಹೊಸ ಭಾರ ಬೀಳುತ್ತದೆ. ವರ್ಡ್ ಫೈಲಿನಲ್ಲಿ ತಿದ್ದಿದ್ದನ್ನು ಗುರುತಿಸಿಡುವ ಟ್ರ್ಯಾಕ್ ಚೇಂಜಸ್ ಆಫ್ ಆಗಿದ್ದರೆ 80 ಪುಟದ ನಡುವೆ ಆ ಒಂದು ಪದ ಹುಡುಕುವುದು ಯಾರು? ಸಾದಾ ಪಠ್ಯ ಅಥವಾ ಮಾರ್ಕ್‌ಡೌನ್ ಇದ್ದರೆ ಫೈಲಿನ ಪ್ರತಿ ಆವೃತ್ತಿಯನ್ನೂ ಕಾಪಾಡುವ ಗಿಟ್ ಸಾಧನದಲ್ಲಿಟ್ಟು, ಎರಡು ಆವೃತ್ತಿಗಳ ವ್ಯತ್ಯಾಸ ತೋರಿಸುವ 'ಡಿಫ್' ಕೊಡಿ. ಹಳೆ ಸಾಲು ಕೆಂಪು, ಹೊಸ ಸಾಲು ಹಸಿರು. ಇದು ಕಾಣಲೆಂದೇ ಒಂದೊಂದು ವಾಕ್ಯಕ್ಕೆ ಒಂದೊಂದು ಸಾಲು ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಪ್ಯಾರಾ ಪೂರ್ತಿ ಒಂದೇ ಸಾಲಾಗಿದ್ದರೆ ಇಡೀ ಪ್ಯಾರಾ ಬದಲಾದ ಹಾಗೆ ತೋರಿಸುತ್ತದೆ.

ಚಿತ್ರಗಳಿಗೆ ಎಸ್‌ವಿಜಿ (ಗೆರೆ, ಆಕಾರಗಳನ್ನು ಪಠ್ಯವಾಗಿ ಬರೆದಿಡುವ ಚಿತ್ರದ ಬಗೆ) ಬಳಸಿ, ಸ್ಕ್ರೀನ್‌ಶಾಟ್ ಬೇಡ. ಮುಂದೆ ಬರುವವರು ಅದನ್ನು ತಿದ್ದುವಂತಿರಬೇಕು.

ಕೊನೆಯಲ್ಲಿ ಪಿಡಿಎಫ್

ಪಿಡಿಎಫ್ ಅಡೋಬಿಯವರದಾಗಿತ್ತು, 2008ರಲ್ಲಿ ಐಎಸ್‌ಒ ಸ್ಟ್ಯಾಂಡರ್ಡ್ ಆಯಿತು. ಕಾಪಿಡಲು ಪಿಡಿಎಫ್/ಎ ಎಂಬ ಬಗೆ ಇದೆ, ಅದರಲ್ಲಿ ಫಾಂಟುಗಳು ಫೈಲಿನೊಳಗೇ ಕೂತಿರುತ್ತವೆ. ಓದಲು ಅದನ್ನು ಕೊಡಿ, ಆದರೆ ಮೂಲ ಫೈಲನ್ನೂ ಜೊತೆಗೆ ಕೊಡಿ. ಬರೀ ಪಿಡಿಎಫ್ ಕೈಗೆ ಸಿಕ್ಕವರು ತಿದ್ದುಪಡಿ ಸೂಚಿಸಲು ಒದ್ದಾಡುತ್ತಾರೆ.

ಕಳಿಸುವ ಮುಂಚೆ ಮೂಲ ಫೈಲನ್ನು ಬೇರೆ ಸಾಫ್ಟ್‌ವೇರ್ ಇರುವ, ನಿಮ್ಮ ಫಾಂಟುಗಳಿಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಯಿರಿ. ಮೊದಲ ಪುಟ ಆಮೇಲೆ ನೋಡಿದರಾಯಿತು. ನೇರ ಅಳತೆಗಳ ಟೇಬಲಿಗೆ ಹೋಗಿ, 50ರ ಮುಂದೆ ಏನಿದೆ ಎಂದು ಬೆರಳಿಟ್ಟು ಓದಿ.