ಅಡಿಕೆ ಖರೀದಿಯ ಫಾರಂ: ಪರಿಶೀಲನೆ ಯಾವ ಹಂತದಲ್ಲಿ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಅಡಿಕೆ ವರ್ತಕರೊಬ್ಬರ ಖರೀದಿ ಲೆಕ್ಕಕ್ಕಾಗಿ ಜಾವಾದಲ್ಲಿ ವೆಬ್ ತಂತ್ರಾಂಶ ಬರೆಯುವಾಗ, ಫಾರಂನಲ್ಲಿ ತುಂಬಿದ್ದನ್ನು ಯಾವ ಹಂತದಲ್ಲಿ ಪರಿಶೀಲಿಸಬೇಕೆಂಬುದೇ ನಾನು ಹೆಚ್ಚು ಯೋಚಿಸಿದ ವಿಷಯ. ಕ್ಲಾಸಿನ (ಮಾಹಿತಿ ಹಿಡಿದಿಡುವ ಆಬ್ಜೆಕ್ಟ್‌ಗಳ ಅಚ್ಚು) ಸೆಟ್ಟರ್‌ಗಳಲ್ಲೇ, ಎಂದರೆ ಒಂದೊಂದೇ ಮಾಹಿತಿಯನ್ನು ಆಬ್ಜೆಕ್ಟ್‌ಗೆ ತುಂಬುವ ಕೋಡ್ ತುಣುಕುಗಳಲ್ಲೇ, ಪರಿಶೀಲಿಸುವ ರೂಢಿಯನ್ನು ನಾನು ಒಪ್ಪಲಿಲ್ಲ. ಗೋಣಿಯ ತೂಕ ಒಟ್ಟು ತೂಕಕ್ಕಿಂತ ಕಡಿಮೆಯಿರಬೇಕು ಎಂಬ ನಿಯಮವನ್ನೇ ನೋಡಿ: ಗೋಣಿಯ ತೂಕದ ಸೆಟ್ಟರ್ ಮೊದಲು ನಡೆದರೆ ಒಟ್ಟು ತೂಕ ಇನ್ನೂ ತುಂಬಿರುವುದಿಲ್ಲವಾದ್ದರಿಂದ, ಸರಿಯಾದ ಫಾರಂ ಕೂಡ ತಿರಸ್ಕೃತವಾಗುತ್ತದೆ. ಮೇಲಾಗಿ ಮೊದಲ ತಪ್ಪಿಗೇ ಎಕ್ಸೆಪ್ಷನ್ (ಕೆಲಸವನ್ನು ಅಲ್ಲಿಗೇ ನಿಲ್ಲಿಸುವ ದೋಷಸೂಚನೆ) ಬಂದರೆ, ಸಾಲಿನಲ್ಲಿ ನಿಂತ ಕೃಷಿಕರ ಎದುರು ಗುಮಾಸ್ತರು ಒಂದೊಂದೇ ತಪ್ಪು ತಿದ್ದುತ್ತ ಕೂರಬೇಕಾಗುತ್ತದೆ.

ಆದ್ದರಿಂದ, ಬಂದ ಮಾಹಿತಿಯನ್ನು ಬರೆದ ಹಾಗೆಯೇ ಸ್ಟ್ರಿಂಗ್ (ಬರಿಯ ಪಠ್ಯ) ಆಗಿ ಹಿಡಿದಿಡುವ ಪ್ರತ್ಯೇಕ ಫಾರಂ ಆಬ್ಜೆಕ್ಟ್ ಮಾಡಿದೆ. ಅದರಲ್ಲಿ ತಪ್ಪೂ ಇರಬಹುದು. ಎಲ್ಲ ತಪ್ಪುಗಳನ್ನು ಒಟ್ಟಿಗೆ ಕಲೆಹಾಕಿ, ತುಂಬಿದ್ದನ್ನು ಅಳಿಸದೆ ಪುಟಕ್ಕೆ ಮರಳಿಸುತ್ತದೆ. ತಪ್ಪೇನೂ ಇಲ್ಲದಿದ್ದರೆ ಮಾತ್ರ ಖರೀದಿಯ ಆಬ್ಜೆಕ್ಟ್ ಹುಟ್ಟುತ್ತದೆ. ಅದಕ್ಕೆ ಸೆಟ್ಟರ್‌ಗಳೇ ಇಲ್ಲ. ತೂಕದ ನಿಯಮವನ್ನು, ಆ ಆಬ್ಜೆಕ್ಟನ್ನು ಹುಟ್ಟಿಸುವ ಕನ್‌ಸ್ಟ್ರಕ್ಟರ್ ಮತ್ತೊಮ್ಮೆ ನೋಡುತ್ತದೆ. ಅಲ್ಲಿ ಎಕ್ಸೆಪ್ಷನ್ ಬಂತೆಂದರೆ ದೋಷ ಕೋಡ್‌ನದ್ದು, ಗುಮಾಸ್ತರದ್ದಲ್ಲ.

ನಮ್ಮ ಗಡಿನಾಡಿನಲ್ಲಿ ಹೆಸರುಗಳು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರುತ್ತವೆ. ‘ಯೂನಿಕೋಡ್ ಅಕ್ಷರಗಳು ಮಾತ್ರ’ ಎಂಬ ನಿಯಮವಿಟ್ಟರೆ ‘ಕಮಲ’ ಪಾಸಾಗುತ್ತದೆ, ‘ಸುಶೀಲ’ ಆಗುವುದಿಲ್ಲ. ಏಕೆಂದರೆ ಕಾಗುಣಿತದ ಚಿಹ್ನೆಗಳನ್ನು ಯೂನಿಕೋಡ್ ಅಕ್ಷರಗಳ ವರ್ಗದಲ್ಲಿ ಸೇರಿಸದೆ ಬೇರೆಯಾಗಿ ಇಟ್ಟಿದೆ. ಹೆಸರು ಖಾಲಿ ಇರಬಾರದು, ಮಿತಿ ಮೀರಿ ಉದ್ದವಿರಬಾರದು, ಇಷ್ಟೇ ಸಾಕೆನಿಸಿತು. ಅಂಕಿಗಳ ಕಥೆ ಇನ್ನೂ ವಿಚಿತ್ರ: ‘೪೨’ ಎಂದು ಬರೆದರೆ ಸರ್ವರ್‌ನಲ್ಲಿ ಅದನ್ನು ಸಂಖ್ಯೆಯಾಗಿ ಓದುವ ಜಾವಾದ ಬಿಗ್‌ಡೆಸಿಮಲ್ ಒಪ್ಪುತ್ತದೆ, ಬ್ರೌಸರ್‌ನಲ್ಲಿ ಅದೇ ಕೆಲಸ ಮಾಡುವ ಜಾವಾಸ್ಕ್ರಿಪ್ಟ್‌ನ ನಂಬರ್ ಒಪ್ಪುವುದಿಲ್ಲ. ಬ್ರೌಸರ್‌ನ ಪರಿಶೀಲನೆ ಬರಿಯ ಅನುಕೂಲಕ್ಕೆ; ಅದನ್ನು ದಾಟಿ ಸರ್ವರ್‌ಗೆ ನೇರವಾಗಿ ಕೋರಿಕೆ ಕಳುಹಿಸುವುದು ಯಾರಿಗೂ ಕಷ್ಟವಲ್ಲ.

ರಶೀದಿ ಸಂಖ್ಯೆ ಮರುಕಳಿಸಬಾರದೆಂಬ ನಿಯಮವೊಂದು ಮಾತ್ರ ಫಾರಂನಲ್ಲೂ ಆಬ್ಜೆಕ್ಟ್‌ನಲ್ಲೂ ತೀರ್ಮಾನವಾಗುವಂಥದ್ದಲ್ಲ. ಈಗ ಇಲ್ಲವೆಂದು ನೋಡಿ ಉಳಿಸುವಷ್ಟರಲ್ಲಿ ಇನ್ನೊಂದು ಕೌಂಟರ್‌ನವರು ಅದೇ ಸಂಖ್ಯೆಯನ್ನು ಸೇರಿಸಿರಬಹುದು. ಹಾಗಾಗಿ ಡೇಟಾಬೇಸ್‌ನಲ್ಲಿ ಯುನೀಕ್ ನಿರ್ಬಂಧ (ಒಂದೇ ಸಂಖ್ಯೆ ಎರಡು ಸಲ ಸೇರದಂತೆ ತಡೆಯುವ ನಿಯಮ) ಹಾಕಿ, ಉಳಿಸುವಾಗ ಅದು ತಡೆದರೆ ಆ ದೋಷವನ್ನು ಹಿಡಿದು, ‘ಈ ಸಂಖ್ಯೆಯ ರಶೀದಿ ಈಗಾಗಲೇ ಇದೆ’ ಎಂದು ಫಾರಂನ ಆ ಜಾಗದ ಪಕ್ಕದಲ್ಲೇ ತೋರಿಸುವಂತೆ ಮಾಡಿದೆ.